ಎಲ್ಲರ ಫೋಟೋ ತೆಗೆದವರ ಫೋಟೋ

ಸಭಾಂಗಣದ ಬಾಗಿಲಿಗೆ ಕಟ್ಟಿದ್ದ ಫ್ಲೆಕ್ಸ್ ನೋಡಿದಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಜುಲೈ ತಿಂಗಳ ಮಡಿಕೇರಿ. ಬೆಳಗ್ಗೆ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ, ಫ್ಲೆಕ್ಸಿನ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಮೇಲಿನ ಸಾಲಿನಲ್ಲಿ ಎಂಟು ಮಂದಿ ಗಣ್ಯರು, ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ನಗುತ್ತಿದ್ದರು. ಅವರ ಕೆಳಗೆ, ಹೂವಿನ ಚಿತ್ರದ ಚೌಕಟ್ಟಿನೊಳಗೆ, ಮಾಮನ ಮುಖ. ಯಾರದೋ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿದ್ದು, ವಾಟ್ಸ್‌ಆ್ಯಪಿನಲ್ಲಿ ನಾಲ್ಕಾರು ಕೈ ದಾಟಿ ಬಂದದ್ದು. ಕಣ್ಣು ಯಾವುದು, ಕನ್ನಡಕ ಯಾವುದು ಎಂದು ಗೊತ್ತಾಗದಷ್ಟು ಒಡೆದುಹೋಗಿತ್ತು. ಎಡಬದಿಯಲ್ಲಿ ಇನ್ನಾರದೋ ಹೆಗಲು, ಅದರ ಮೇಲೊಂದು ಜರಿಯಂಚು, ಕತ್ತರಿಸಲು ಮರೆತದ್ದು ಹಾಗೇ ಉಳಿದಿತ್ತು.

ನಲವತ್ತೈದು ವರ್ಷ ಈ ಪೇಟೆಯ ಮುಖಗಳನ್ನು ಒಂದೊಂದಾಗಿ ಕೂರಿಸಿ, ಗಲ್ಲ ಎತ್ತಿಸಿ, ಬೆಳಕು ತಿದ್ದಿ, "ಉಸಿರು ಹಿಡಿ ಮಾರಾಯ" ಎಂದು ಗದರಿಸಿ ಫೋಟೋ ತೆಗೆದ ಮನುಷ್ಯ ಅವರು. ಕೊನೆಗೆ ಅವರಿಗೆ ಸಿಕ್ಕಿದ್ದು ಇದು. ಇದಕ್ಕೆ ಹೊಣೆ ಯಾರು ಎಂದು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಊರಿಗೆ ಹೋದಾಗ ನಾಲ್ಕು ಮನೆಯಲ್ಲಿ ಕಾಫಿ ಸಿಗುವುದಿಲ್ಲ. ಮಾಮನ ಹೆಸರನ್ನೂ ಬರೆಯುವುದಿಲ್ಲ. ಅವರ ಮಗಳು, ನಾನು ಅಕ್ಕ ಎಂದು ಕರೆಯುವವಳು, ಮೊದಲೇ ಹೇಳಿದ್ದಾಳೆ: "ಬರೆಯುವುದಾದರೆ ಬರಿ, ಹೆಸರು ಮಾತ್ರ ಹಾಕ್ಬೇಡ."

ನಾನು ಇಂಗ್ಲೆಂಡಿನ ಯಾರ್ಕ್‌ಷೈರ್‌ ಸೇರಿ 19 ವರ್ಷವಾಯಿತು. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಮಸುಕಾದ ಚಿತ್ರ ಕಂಡರೆ ಕೈ ತುರಿಸುವುದು ನನ್ನ ವೃತ್ತಿದೋಷವೂ ಇರಬಹುದು. ಆದರೆ ಆ ದಿನ ಇನ್ನೊಂದು ಕಾರಣವೂ ಇತ್ತು. ಐದು ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ನನ್ನ ಪಕ್ಕದ ಮನೆಯ ಅಜ್ಜಿ ತೀರಿಕೊಂಡಿದ್ದರು. ಆ ನೆನಪಿನ ಸಭೆಗೂ ಹೋಗಿದ್ದೆ. ಎರಡನ್ನೂ ಒಂದೇ ವರ್ಷ ನೋಡಬೇಕಾಗಿ ಬಂದದ್ದು ನನ್ನ ದುರದೃಷ್ಟ.

ಆ ಅಜ್ಜಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದವರು. ಕೆಲಸ ಬಿಟ್ಟ ಮೇಲೆ ಪ್ರತಿ ಗುರುವಾರ ಮರೆವಿನ ಕಾಯಿಲೆಯವರ ಆಶ್ರಮವೊಂದಕ್ಕೆ ಹೋಗಿ ಕೂರುತ್ತಿದ್ದರು. ಅಲ್ಲಿದ್ದವರು ತಮ್ಮ ಬಾಲ್ಯದ ಬೀದಿಯ ಬಗ್ಗೆ ಚೂರುಪಾರು ಹೇಳಬೇಕು, ಇವರು ಅದನ್ನು ಪೆನ್ಸಿಲಿನಲ್ಲಿ ಬಿಡಿಸಬೇಕು. ಬೇಕರಿ ಎಡಗಡೆ ಇತ್ತೋ ಬಲಗಡೆಯೋ ಎಂದು ಇಬ್ಬರೂ ಜಗಳವಾಡಬೇಕು. ಆ ಜಗಳದಲ್ಲಿ ಎಷ್ಟೋ ಜನಕ್ಕೆ ಮರೆತದ್ದು ಮರಳಿ ಬರುತ್ತಿತ್ತಂತೆ.

ಸಭೆ ನಡೆದದ್ದು ಚರ್ಚಿನ ಪಕ್ಕದ ಹಾಲಿನಲ್ಲಿ. ಹೂವು ತರಬೇಡಿ, ಕೊಡುವ ಮನಸ್ಸಿದ್ದರೆ ಆಶ್ರಮಕ್ಕೆ ಕೊಡಿ ಎಂದು ಮೊದಲೇ ತಿಳಿಸಿದ್ದರು. ಒಳಗೆ ಹೋಗುವಾಗಲೇ ಕೈಗೊಂದು ಸಣ್ಣ ಪುಸ್ತಿಕೆ. ತೊಟ್ಟಿಲ ಕೂಸಿನಿಂದ ಹಿಡಿದು ಎಂಬತ್ತು ದಾಟಿದ ಮುಖದವರೆಗೆ ಪುಟಪುಟಕ್ಕೂ ಫೋಟೋ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಅವರ ಚಿತ್ರಗಳನ್ನು ನೇತುಹಾಕಿದ್ದರು. ಹೋಗುವಾಗ ಒಂದೊಂದು ಒಯ್ಯಬಹುದಿತ್ತು. ಮೊದಲು ಎದ್ದು ಮಾತಾಡಿದ್ದು ಮಗಳು. "ಅಮ್ಮ ಜೀವಮಾನದಲ್ಲಿ ಒಂದು ಚಿತ್ರವನ್ನೂ ಹೇಳಿದ ದಿನಕ್ಕೆ ಮುಗಿಸಿ ಕೊಟ್ಟವಳಲ್ಲ" ಎಂದಳು. ಎಲ್ಲರೂ ನಕ್ಕರು. ನಾನು ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದೆ. ಆಮೇಲೆ ಅವಳು ಹೇಳಿದ್ದು ಇದು: ಗುರುವಾರ ಅಂದರೆ ತನಗೆ ಹೊಟ್ಟೆಕಿಚ್ಚು, ಆಶ್ರಮದ ಅಜ್ಜಿಯರ ಬಾಲ್ಯವನ್ನು ಅಷ್ಟು ಕೇಳಿದ ಅಮ್ಮ ತನ್ನ ಬಾಲ್ಯದಲ್ಲಿ ತನ್ನ ಮಾತು ಅಷ್ಟು ಕೇಳಲಿಲ್ಲ. ಯಾರೂ ನಗಲಿಲ್ಲ, ಯಾರೂ ಮುಖ ಸಿಂಡರಿಸಲೂ ಇಲ್ಲ. ತೀರಿಹೋದವರು ಆ ಹಾಲಿನಲ್ಲಿ ಎದ್ದು ಓಡಾಡಿದ ಹಾಗಿತ್ತು. ಚಹಾ, ಸ್ಯಾಂಡ್‌ವಿಚ್, ಕೇಕು. ನಾನೊಂದು ಬೇಕರಿಯ ಚಿತ್ರ ಹಿಡಿದುಕೊಂಡು ಮನೆಗೆ ಬಂದೆ.

ಈಗ ಮಡಿಕೇರಿಗೆ ಬನ್ನಿ. ಉತ್ತರಕ್ರಿಯೆಯ ಊಟ ಮುಗಿದು, ಅದೇ ಹಾಲಿನಲ್ಲಿ ಮೂರು ಗಂಟೆಗೆ ನುಡಿನಮನ. ಶುರುವಾದದ್ದು ನಾಲ್ಕಕ್ಕೆ, ಏಕೆಂದರೆ ಮುಖ್ಯ ಅತಿಥಿಗಳು ಕುಶಾಲನಗರ ಬಿಟ್ಟಿದ್ದರಷ್ಟೆ. ಎರಡು ನಿಮಿಷದ ಮೌನ ನಲವತ್ತು ಸೆಕೆಂಡಿಗೆ ಒಂದು ಫೋನಿನ ರಿಂಗ್‌ಟೋನಿನಲ್ಲಿ ಮುಗಿಯಿತು. ಆಮೇಲೆ ಮೈಕು. ಮೈಕು ಹಿಡಿದವರೆಲ್ಲ ಮೊದಲು ವೇದಿಕೆಯ ಮೇಲಿದ್ದ ಪ್ರತಿಯೊಬ್ಬರ ಹೆಸರು ಹೇಳಿದರು, ಬಳಿಕ ಮಾಮ ಸರಳ ಸಜ್ಜನರೆಂದರು, ಬಳಿಕ "ತುಂಬಲಾರದ ನಷ್ಟ" ಎಂದರು. ನಾನು ಎಣಿಸಿದೆ, ಏಳು ಸಲ. ಒಬ್ಬರು ಮಾಮನನ್ನು "ಹಿರಿಯ ಪತ್ರಕರ್ತರು" ಎಂದುಬಿಟ್ಟರು, ಹಿಂದಿನಿಂದ ಯಾರೋ ಅಂಗಿ ಎಳೆದ ಮೇಲೆ "ಪತ್ರಿಕೆಗಳ ಹಿತೈಷಿಗಳು" ಎಂದು ತಿದ್ದಿಕೊಂಡರು. ಅಕ್ಕ ಎರಡನೇ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಅವಳನ್ನು ಯಾರೂ ಮಾತಿಗೆ ಕರೆಯಲಿಲ್ಲ. ದುಃಖದಲ್ಲಿರುವವರನ್ನು ಕರೆಯುವುದು ಚೆನ್ನಾಗಿರುವುದಿಲ್ಲವಂತೆ.

ಒಬ್ಬರಾದರೂ ಆ ಕೋಟಿನ ಬಗ್ಗೆ ಹೇಳಲಿಲ್ಲ!

ಸ್ಟುಡಿಯೋದ ಕನ್ನಡಿಯ ಪಕ್ಕ ಮೊಳೆಗೊಂದು ಕಪ್ಪು ಕೋಟು ನೇತಾಡುತ್ತಿತ್ತು. ಜತೆಗೆ, ಮೊದಲೇ ಗಂಟು ಹಾಕಿಟ್ಟ ಕೆಂಪು ಟೈ. ಕೆಲಸದ ಅರ್ಜಿಗೆ, ಹೆಣ್ಣು ನೋಡುವ ಶಾಸ್ತ್ರಕ್ಕೆ, ಗಲ್ಫಿಗೆ ಹೋಗುವ ಪಾಸ್‌ಪೋರ್ಟಿಗೆ, ಎಲ್ಲದಕ್ಕೂ ಅದೇ ಕೋಟು. ಸಣಕಲು ಹುಡುಗರಿಗೆ ಬೆನ್ನ ಹಿಂದೆ ನಾಲ್ಕು ಕ್ಲಿಪ್ ಹಾಕಿ ಬಿಗಿ ಮಾಡುತ್ತಿದ್ದರು, ದಪ್ಪಗಿದ್ದವರಿಗೆ ಗುಂಡಿ ಹಾಕಿಸದೆ ಕೈ ಅಡ್ಡ ಇಡಿಸುತ್ತಿದ್ದರು. ನನ್ನ ಓರಗೆಯ ಗಂಡಸರ ಮದುವೆಗೆ ಮುಂಚಿನ ಫೋಟೋ ತೆಗೆದು ನೋಡಿ, ಅರ್ಧ ಜನ ಒಂದೇ ಕೋಟಿನಲ್ಲಿದ್ದೇವೆ. ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟಿನ ಫೋಟೋಕ್ಕೆ ತೋಟದ ಲೈನ್‌ಮನೆಯ ಮಕ್ಕಳಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ವಿಧವಾ ವೇತನದ ಅರ್ಜಿಗೂ ಅಷ್ಟೆ. "ಆಮೇಲೆ ಕೊಡು" ಎನ್ನುತ್ತಿದ್ದರು. ಆ ಆಮೇಲೆ ಯಾವತ್ತೂ ಬರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ಪುಣ್ಯಾತ್ಮ ಎಂದುಕೊಳ್ಳಬೇಡಿ, ಮಹಾ ಸಿಡುಕ. ಕಣ್ಣು ಮಿಟುಕಿಸಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. "ಎಂತ, ಕಣ್ಣಿಗೆ ನೊಣ ಹೊಕ್ಕಿದಾ? ಒಂದು ಫಿಲ್ಮಿಗೆ ಎಷ್ಟು ಗೊತ್ತುಂಟಾ ನಿಂಗೆ?" 120ರ ರೋಲಿನಲ್ಲಿ ಇರುತ್ತಿದ್ದದ್ದು 12 ಚಿತ್ರ. ಯಾಶಿಕಾ ಕ್ಯಾಮೆರಾದ ಮೇಲಿಂದ ಬಗ್ಗಿ ನೋಡುತ್ತಾ ಅವರು ಹನ್ನೆರಡನ್ನು ಹನ್ನೆರಡು ಜನರಿಗೆ ಹಂಚುತ್ತಿದ್ದರು, ಒಂದು ಕೆಟ್ಟರೆ ಮುಖ ಹುಳ್ಳಗೆ. ಹಿಂದಿನ ಪರದೆಯ ಮೇಲೆ ಒಂದು ಜಲಪಾತ ಬಿಡಿಸಿತ್ತು. ಅಬ್ಬಿ ಜಲಪಾತವೆಂದು ಅವರು ಹೇಳುತ್ತಿದ್ದರು. ನೋಡಿದರೆ ಬಚ್ಚಲ ನಲ್ಲಿ ಒಡೆದ ಹಾಗಿತ್ತು.

1988ರ ಬೇಸಿಗೆ ರಜೆಯಲ್ಲಿ ನಾನು ಕಸ ಗುಡಿಸಲೆಂದು ಆ ಸ್ಟುಡಿಯೋಗೆ ಸೇರಿದೆ. ಮಾಮ ಘಟ್ಟದ ಕೆಳಗಿನವರು, 1971ರಲ್ಲಿ ಒಂದು ಟ್ರಂಕು ಹೊತ್ತು ಬಂದವರು. ನಮ್ಮ ಮನೆಯ ಪಕ್ಕದ ಬಾಡಿಗೆ ಮನೆಯಲ್ಲಿದ್ದರು, ನೆಂಟಸ್ತನ ಅಷ್ಟೇ. ಒಂದು ತಿಂಗಳಲ್ಲಿ ಪೊರಕೆ ಕೈಬಿಟ್ಟು ಡಾರ್ಕ್‌ರೂಮಿನ ಒಳಗಿದ್ದೆ. ಕೆಂಪು ಬಲ್ಬು, ಹೈಪೋದ ಹುಳಿವಾಸನೆ, ಟ್ರೇಯಲ್ಲಿ ಅಲುಗುವ ನೀರಿನ ಕೆಳಗೆ ಬಿಳಿ ಕಾಗದದ ಮೇಲೆ ಮೊದಲು ಹುಬ್ಬು, ಆಮೇಲೆ ಕಣ್ಣಗುಡ್ಡೆ, ಆಮೇಲೆ ಇಡೀ ಮನುಷ್ಯ. ಡೆವಲಪರ್‌ನಲ್ಲಿ ಎಷ್ಟು ಹೊತ್ತು ಬಿಡಬೇಕೆಂದು ಅವರು ಗಡಿಯಾರ ನೋಡುತ್ತಿರಲಿಲ್ಲ, ಒಂದು ತುಳು ಹಾಡಿನ ಎರಡು ಸೊಲ್ಲು ಗುನುಗುತ್ತಿದ್ದರು. ಚಳಿಗೆ ಡೆವಲಪರ್ ತಣ್ಣಗಾದರೆ ಕೆಲಸ ನಿಧಾನವಾಗುತ್ತದೆ, ಆಗ ಮೂರು ಸೊಲ್ಲು. ಫಿಲ್ಮು ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ "ಇಂದು". ಆ ಕಾರ್ಖಾನೆ ಎಕ್ಸ್‌ರೇ ಫಿಲ್ಮನ್ನೂ ಮಾಡುತ್ತಿತ್ತು. ಪಿಯುಸಿ ಮುಗಿಸಿ ಮುಂದೇನು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಮಾಮ ಆ ಡಬ್ಬಿ ತೋರಿಸಿ ಹೇಳಿದ್ದು ನೆನಪಿದೆ: "ಅದೇ ನೀರು, ಅದೇ ಕತ್ತಲೆ. ಇಲ್ಲಿ ತೊಗಲಿನ ಫೋಟೋ, ಅಲ್ಲಿ ಮೂಳೆಯದ್ದು. ಅಲ್ಲಿ ಸಂಬಳ ಉಂಟು."

ಎಕ್ಸ್‌ರೇ ಟೆಕ್ನೀಷಿಯನ್ ಕೋರ್ಸಿಗೆ ಮೈಸೂರಿಗೆ ಹೋದೆ. ಮೊದಲ ವರ್ಷದ ಫೀಸು ನೆಗೆಟಿವ್ ಹಾಕುವ ಕಂದು ಲಕೋಟೆಯಲ್ಲಿ ಬಂತು.

ಆ ಲಕೋಟೆಗಳ ಬಗ್ಗೆ ಹೇಳಲೇಬೇಕು. ತೆಗೆದ ಒಂದೊಂದು ನೆಗೆಟಿವಿಗೂ ನಂಬರ್, ರಿಜಿಸ್ಟರಿನಲ್ಲಿ ಆ ನಂಬರಿನ ಮುಂದೆ ಮನೆಯ ಹೆಸರು, ತಾರೀಕು, ಅಳತೆ. ಫೋಟೋದ ಬೆನ್ನಿಗೆ ನೇರಳೆ ಮಸಿಯ ರಬ್ಬರ್ ಸ್ಟ್ಯಾಂಪು, "ನೆಗೆಟಿವ್ ನಂ." ಎಂಬ ಜಾಗದಲ್ಲಿ ಅದೇ ನಂಬರ್. ಇತರ ಸ್ಟುಡಿಯೋಗಳೂ ಸ್ಟ್ಯಾಂಪು ಒತ್ತುತ್ತಿದ್ದವು. ಆದರೆ ಐದಾರು ವರ್ಷವಾದ ಮೇಲೆ ನೆಗೆಟಿವ್ ಯಾರು ಇಡುತ್ತಾರೆ? ಅದೂ ಮಡಿಕೇರಿಯಲ್ಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮಡಿಚಿಟ್ಟ ಸೀರೆಗೆ ಬೂಷ್ಟು. ಫಿಲ್ಮಿನ ಮೇಲಿರುವುದು ಜಿಲೆಟಿನ್, ಬೂಷ್ಟಿಗೆ ಅದು ಹಬ್ಬದೂಟ. ಮಾಮ ಎರಡು ಕಬ್ಬಿಣದ ಬೀರು ತಂದು, ತಳದಲ್ಲಿ ತಲಾ ಒಂದು 40 ವಾಟಿನ ಬಲ್ಬು ಹಾಕಿ, ಮಳೆಗಾಲ ಪೂರ್ತಿ ಹಗಲೂ ರಾತ್ರಿ ಉರಿಸುತ್ತಿದ್ದರು. ಕರೆಂಟು ಹೋದರೆ, ಆ ಕಾಲದಲ್ಲಿ ಹೋದರೆ ನಾಲ್ಕು ದಿನ, ಒಲೆಯ ಕೆಂಡವನ್ನು ಬಾಣಲೆಯಲ್ಲಿ ತಂದು ಬೀರುವಿನ ಪಕ್ಕ ಇಡುತ್ತಿದ್ದರು. ಮನೆಯಲ್ಲಿ ಒಗೆದ ಬಟ್ಟೆ ಒಣಗದೆ ನಾರುತ್ತಿದ್ದರೆ, ಊರವರ ಮುಖಗಳು ಬೆಚ್ಚಗೆ ಇರುತ್ತಿದ್ದವು. ಇದು ಅತ್ತೆಯ ಮಾತು, ನನ್ನದಲ್ಲ.

2018ರ ಆಗಸ್ಟಿನಲ್ಲಿ ಗುಡ್ಡ ಜಾರಿತು. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ, ಕಾಲೂರು. ನಾನು ಇಲ್ಲಿ ಕೂತು ಫೋನಿನಲ್ಲಿ ನೋಡಿದ ಹೆಸರುಗಳು, ಎಲ್ಲವೂ ಮಾಮನ ರಿಜಿಸ್ಟರಿನಲ್ಲಿ ನಾನು ಕೈಯಾರೆ ಬರೆದ ಹೆಸರುಗಳು. ಆಗ ಮಾಮನಿಗೆ ಎಪ್ಪತ್ತು ದಾಟಿತ್ತು. ಸ್ಟುಡಿಯೋದ ಮುಂಭಾಗ ಅಕ್ಕನ ಜೆರಾಕ್ಸ್ ಅಂಗಡಿಯಾಗಿತ್ತು. ಪರಿಹಾರ ಕೇಂದ್ರಗಳಲ್ಲಿ ಎಲ್ಲರೂ ಅರ್ಜಿ ತುಂಬಬೇಕು, ಅರ್ಜಿಗೆ ಫೋಟೋ ಬೇಕು ಎಂದು ಸಣ್ಣ ಡಿಜಿಟಲ್ ಕ್ಯಾಮೆರಾ ಹಿಡಿದು ಹೊರಟರು, ಹಿಂದೆ ಹಿಡಿಯಲು ಒಂದು ಬಿಳಿ ಪಂಚೆ. ಮೂರನೇ ದಿನ ಒಬ್ಬ ಹೆಂಗಸು, ಮಕ್ಕಂದೂರು ಕಡೆಯವರು, "ನನ್ನದು ಬೇಡ, ನಮ್ಮವರದ್ದು ಒಂದು ಬೇಕಿತ್ತು" ಎಂದರಂತೆ. ಗಂಡ ತೀರಿ ಎಷ್ಟೋ ವರ್ಷ. ಗೋಡೆಯ ಮೇಲಿದ್ದ ಒಂದೇ ಫೋಟೋ ಗೋಡೆಯ ಜತೆ ಹೋಗಿತ್ತು. ಮಾಮ ಕೇಳಿದ್ದು ಒಂದೇ ಪ್ರಶ್ನೆ: "ಮದುವೆ ಯಾವ ವರ್ಷ?"

ಮರುದಿನ ಸಂಜೆ ಫೋಟೋ ತಂದು ಕೊಟ್ಟರು. ಆಮೇಲೆ ಬೀರುವಿನ ಬಾಗಿಲು ಮುಚ್ಚಲೇ ಇಲ್ಲ. ಸತ್ತ ಅಪ್ಪಂದಿರು, ತೊಟ್ಟಿಲ ಮಕ್ಕಳು, ಐನ್‌ಮನೆಯ ಮೆಟ್ಟಿಲ ಮೇಲೆ ಕೂತ ಮೂರು ತಲೆಮಾರು, ಸುಗ್ಗಿಹಬ್ಬ ಹುತ್ತರಿಯ ಕೋಲಾಟ, ದಸರಾ ಮಂಟಪದ ಮುಂದೆ ನಿದ್ದೆಗಣ್ಣಿನ ಹುಡುಗರು. ಕೆಸರಿನಡಿ ಹೋದ ಮನೆಗಳ ಗೋಡೆಯ ಮೇಲೆ ಇದ್ದದ್ದೆಲ್ಲ ಮತ್ತೆ ಪ್ರಿಂಟಾಗಿ ಬಂತು. ಮುಂದಿನ ವರ್ಷವೂ ಕೊಡುತ್ತಿದ್ದರು, ಕೆಲವರಿಗೆ ಹೊಸ ಮನೆ ಸಿಕ್ಕ ಮೇಲೆ ಗೃಹಪ್ರವೇಶದ ಉಡುಗೊರೆಯಾಗಿ. ಎಷ್ಟು ಮನೆಗೆ ಎಂದು ಲೆಕ್ಕವಿಲ್ಲ, ರಿಜಿಸ್ಟರಿನಲ್ಲಿ ಆ ನಂಬರುಗಳ ಪಕ್ಕ ಒಂದೊಂದು ಕೆಂಪು ಚುಕ್ಕೆ ಮಾತ್ರ.

ಇಂಥ ಬದುಕನ್ನು ಸರಳ ಸಜ್ಜನ ಎಂಬ ಎರಡು ಪದದಲ್ಲಿ ಮುಗಿಸಿ ನಾವು ಲಾಡು ತಿಂದು ಎದ್ದೆವು.

ನಮ್ಮಲ್ಲಿ ಸತ್ತವರನ್ನು ಹೊಗಳುತ್ತೇವೆ, ನೆನೆಯುವುದಿಲ್ಲ. ನೆನೆಯಬೇಕಾದರೆ ಬೇಡದ್ದೂ ಬಾಯಿಗೆ ಬರುತ್ತದೆ, ಅದಕ್ಕೆ ಹೆದರಿ ಒಳ್ಳೆಯದನ್ನೂ ಹೇಳುವುದಿಲ್ಲ. ಮಾಮನ ಔದಾರ್ಯಕ್ಕೆ ಬೆಲೆ ತೆತ್ತದ್ದು ಅತ್ತೆ. ನನ್ನ ಫೀಸಿನ ಲಕೋಟೆಯ ಹಿಂದೆ ಅತ್ತೆಯ ಚೀಟಿ ಹಣವಿತ್ತು, ಅದು ನನಗೆ ತಿಳಿದದ್ದು ಹತ್ತು ವರ್ಷದ ಮೇಲೆ. ಪ್ರಿಂಟರ್ ಕೊಳ್ಳಲು ಎರಡು ಬಳೆ ಹೋದವು. "ಊರಿಗೆಲ್ಲ ಪುಕ್ಕಟೆ, ನನ್ನ ಮದುವೆಗೆ ಸಾಲ" ಎಂದು ಅಕ್ಕ ನನ್ನ ಹತ್ತಿರ ನೂರು ಸಲ ಹೇಳಿದ್ದಾಳೆ. ಇದನ್ನು ಆ ಮೈಕಿನಲ್ಲಿ ಹೇಳಿದ್ದರೆ ಮಾಮ ಸಣ್ಣವರಾಗುತ್ತಿದ್ದರೆ? ಎದುರಿಗಿದ್ದವರಲ್ಲಿ ಹತ್ತು ಜನಕ್ಕಾದರೂ ತಾವು ಕೊಡದ ಫೋಟೋದ ದುಡ್ಡು ನೆನಪಾಗುತ್ತಿತ್ತು. ಯಾರ್ಕ್‌ಷೈರಿನ ಆ ಮಗಳು ಹೇಳಿದಳು. ಮಡಿಕೇರಿಯ ಮಗಳು ಸೆರಗು ಹೊದ್ದು ಕೂತಳು.

ಕೊಡಗಿಗೆ ನೆನಪಿಡಲು ಬರುವುದಿಲ್ಲ ಎಂದರೆ ಅದೂ ಸುಳ್ಳು. ಸೈನಿಕರನ್ನು ನಾವು ನೆನೆಯುವ ಹಾಗೆ ಇನ್ಯಾರು ನೆನೆಯುತ್ತಾರೆ? ಕಾರ್ಯಪ್ಪನವರೂ ತಿಮ್ಮಯ್ಯನವರೂ ವೃತ್ತಗಳಲ್ಲಿ ನಿಂತಿದ್ದಾರೆ, ಬ್ರಿಟಿಷರ ವಿರುದ್ಧ ದಂಗೆಯೆದ್ದು 1837ರಲ್ಲಿ ಗಲ್ಲಿಗೇರಿದ ಅಪ್ಪಯ್ಯ ಗೌಡರೂ ನಿಂತಿದ್ದಾರೆ. ಕೋವಿ ಹಿಡಿದವರಿಗೆ ಕಲ್ಲಿನ ಕಟ್ಟೆ, ಬೇರೆ ಏನಾದರೂ ಹಿಡಿದವರಿಗೆ ಒಂದು ಕಥೆ. ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನೇ ನೋಡಿ. 1934ರಲ್ಲಿ ಗಾಂಧೀಜಿ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಒಡವೆ ಹರಿಜನ ನಿಧಿಗೆ ಬಿಚ್ಚಿಕೊಟ್ಟದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. 1939ರಲ್ಲಿ, 27ನೇ ವಯಸ್ಸಿಗೆ, ನೀರಲ್ಲಿ ಮುಳುಗಿ ಹೋದದ್ದೂ ಗೊತ್ತು. ಅವರ ಒಂದು ಕಥೆಯ ಹೆಸರು ಹೇಳಿ ಎಂದರೆ ಅರ್ಧ ಜನ ಚಾವಣಿ ನೋಡುತ್ತಾರೆ. ಒಡವೆ ನೆನಪಿದೆ, ಬರೆದದ್ದು ಮರೆತಿದೆ.

ಪತ್ರಿಕೆಯ ಪುಟವನ್ನೂ ನೋಡಿ. ನಮ್ಮ ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಜನನ, ಮರಣ, "ನಿಮ್ಮ ಅಗಲಿಕೆಯಿಂದ ದುಃಖತಪ್ತ ಕುಟುಂಬ ವರ್ಗ". ಇಲ್ಲಿನ ಗಾರ್ಡಿಯನ್ ಪತ್ರಿಕೆಯಲ್ಲಿ "ಅದರ್ ಲೈವ್ಸ್" ಎಂದೊಂದು ಜಾಗವಿದೆ. ಓದುಗರೇ ತಮಗೆ ಗೊತ್ತಿದ್ದವರ ಬದುಕನ್ನು ಬರೆದು ಕಳಿಸುತ್ತಾರೆ: ಶಾಲೆಯ ಮೇಷ್ಟ್ರು, ದಾದಿ, ಪಿಯಾನೋ ಕಲಿಸುತ್ತಿದ್ದ ಟೀಚರು. ಮಂತ್ರಿಗಳ ಮರಣವಾರ್ತೆಯ ಆಸುಪಾಸಿನಲ್ಲೇ ಅವರಿಗೂ ಒಂದು ಅಂಗಳ. ಊರೂರಿನ ಪಾರ್ಕಿನ ಬೆಂಚುಗಳ ಬೆನ್ನಿಗೆ ಹಿತ್ತಾಳೆಯ ಪುಟ್ಟ ಫಲಕ, "ಈ ನೋಟ ಇವರಿಗೆ ಇಷ್ಟವಾಗಿತ್ತು" ಎಂಬಂಥದ್ದು. ನನ್ನ ಪಕ್ಕದ ಮನೆಯ ಅಜ್ಜಿಗೂ ಈಗ ಒಂದು ಬೆಂಚಿದೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ, ಮಳೆ ಇಲ್ಲದಿದ್ದರೆ, ಎರಡು ನಿಮಿಷ ಕೂರುತ್ತೇನೆ. ರಾಜಾಸೀಟಿನಲ್ಲಿ ಮಾಮನ ಹೆಸರಿನ ಒಂದು ಬೆಂಚು ಹಾಕಿಸಲು ಎಷ್ಟಾದೀತು ಎಂದು ಗೆಳೆಯನೊಬ್ಬನನ್ನು ಕೇಳಿದೆ. "ಬೆಂಚಿಗೆ ಕಮ್ಮಿ, ಉದ್ಘಾಟನೆಗೆ ಜಾಸ್ತಿ" ಎಂದ.

ಇಷ್ಟು ಬರೆದು ಎರಡು ವಾರ ಹಾಗೇ ಇಟ್ಟಿದ್ದೆ. ಬೇಕೆಂದೇ ಬಿಟ್ಟ ಕೆಲವು ಸಂಗತಿಗಳಿದ್ದವು. ಹೇಳದಿದ್ದರೆ ಆ ಫ್ಲೆಕ್ಸಿನವರಿಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ.

ಪಕ್ಕದ ಮನೆಯ ಅಜ್ಜಿ ಸತ್ತದ್ದು ನನಗೆ ಗೊತ್ತಾಗಿದ್ದು ಮೂರನೇ ದಿನ. ನಡುವೆ ಇದ್ದದ್ದು ಒಂದು ಗೋಡೆ. ಆ ಗೋಡೆಯ ಈಚೆ ನಾನು ಟಿವಿ ನೋಡುತ್ತಾ ಚಪಾತಿ ತಿಂದಿದ್ದೆ. ಅಂತ್ಯಕ್ರಿಯೆ ಆದದ್ದು 24 ದಿನ ಕಳೆದು, ಅಲ್ಲಿಯವರೆಗೆ ಶವ ಎಲ್ಲೋ ತಣ್ಣಗೆ ಕಾಯುತ್ತಿತ್ತು. ಇಲ್ಲಿ ಅದೇ ವಾಡಿಕೆ, ಯಾರೂ ತಪ್ಪು ತಿಳಿಯುವುದಿಲ್ಲ. ಚಿತಾಗಾರದಲ್ಲಿ ನಮಗೆ ಸಿಕ್ಕ ಹೊತ್ತು ನಲವತ್ತು ನಿಮಿಷ, ನಾವು ಹೊರಬರುವಾಗ ಮುಂದಿನವರು ಕಾರಿನಲ್ಲಿ ಕೂತಿದ್ದರು. ಆ ಸುಂದರ ಪುಸ್ತಿಕೆ ಮಾಡಲು ಅವರಿಗೆ ಸಮಯ ಸಿಕ್ಕಿದ್ದು ಹಾಗೆ.

ಮಾಮ ಹೋದದ್ದು ಬೆಳಗಿನ ಜಾವ ನಾಲ್ಕೂವರೆಗೆ, ಸುರಿಯುವ ಮಳೆಯಲ್ಲಿ. ಐದು ಗಂಟೆಗೆ ಮನೆಯ ಮುಂದೆ ಜನ. ಅಕ್ಕ ಯಾರಿಗೂ ಫೋನ್ ಮಾಡಿರಲಿಲ್ಲ. ಒಬ್ಬರು ಟಾರ್ಪಾಲು ತಂದು ಕಟ್ಟಿದರು, ಯಾರದೋ ಮನೆಯಿಂದ ಕಾಫಿ ಬಂತು, ಒಣ ಸೌದೆ ಸಿಗದ ಆ ಕಾಲದಲ್ಲಿ ತೋಟದವರೊಬ್ಬರು ತಮ್ಮ ಬಚ್ಚಲಿಗೆಂದು ಕೂಡಿಟ್ಟ ಸಿಲ್ವರ್ ಓಕ್ ಸೌದೆಯನ್ನು ಜೀಪಿನಲ್ಲಿ ಹೇರಿ ತಂದರು. ಸಾವಿಗೆ ಕೋವಿ ಹಾರಿಸುವ ಕೊಡವರ ಪದ್ಧತಿ ಮಾಮನ ಕಡೆಯವರಲ್ಲಿಲ್ಲ. ಆದರೂ ಎದುರು ಮನೆಯ ನಿವೃತ್ತ ಸುಬೇದಾರರು, ಯಾರನ್ನೂ ಕೇಳದೆ, ತಮ್ಮ ಅಂಗಳಕ್ಕೆ ಬಂದು ಎರಡು ಗುಂಡು ಹಾರಿಸಿದರಂತೆ. "ನಮ್ಮ ಮನೆಯ ಎಲ್ಲಾ ಫೋಟೋ ಅವರದ್ದೇ ಅಲ್ಲವಾ" ಎಂದರಂತೆ. ಅಕ್ಕ ಫೋನಿನಲ್ಲಿ ಇದನ್ನು ಹೇಳಿ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮತ್ತೆ, ನಿಜವಾದ ನುಡಿನಮನ ವೇದಿಕೆಯಲ್ಲಿ ನಡೆಯಲಿಲ್ಲ. ನಡೆದದ್ದು ಹಿಂದೆ, ಅಡುಗೆ ಶೆಡ್ಡಿನಲ್ಲಿ. ಮೈಕಿನಿಂದ ತಪ್ಪಿಸಿಕೊಂಡು ನಾನು ಆ ಕಡೆ ಹೋದಾಗ ಏಳೆಂಟು ಹೆಂಗಸರು ಮಣೆ ಹಾಕಿಕೊಂಡು ಎಲೆಅಡಿಕೆ ಹಾಕುತ್ತಾ ಕೂತಿದ್ದರು. ಕೋಟಿನ ಮಾತು ಅಲ್ಲಿ ಬಂತು. ತನ್ನ ಗಂಡನ ಕೋಟಿನ ಬೆನ್ನಿಗೆ ಕ್ಲಿಪ್ಪಿದ್ದದ್ದು ಮದುವೆಯಾದ ಮೇಲೆ ಗೊತ್ತಾಯಿತೆಂದು ಒಬ್ಬಾಕೆ ಹೇಳಿ, ಸೂತಕದ ಮನೆ ಎನ್ನುವುದನ್ನೂ ಮರೆತು ಎಲ್ಲರೂ ನಕ್ಕರು. ಅತ್ತೆಯ ಬಳೆಯ ಮಾತೂ ಬಂತು, ಮಾಮನಿಗೆ ಸರಿಯಾಗಿ ಬೈಗುಳವೂ ಬಿತ್ತು. ಮಕ್ಕಂದೂರಿನ ಆ ಹೆಂಗಸೂ ಅಲ್ಲಿದ್ದರು, ಅಡಿಕೆ ಕತ್ತರಿಸುತ್ತಾ. ನನ್ನ ಅಜ್ಜಿಯ ಸಭೆಯಲ್ಲಿ ಇದ್ದದ್ದೆಲ್ಲ ಅಲ್ಲಿತ್ತು, ಪುಸ್ತಿಕೆ ಒಂದು ಬಿಟ್ಟು. ಗಂಡಸರಿಗೆ, ಗಣ್ಯರಿಗೆ ಕೇಳಿಸಲಿಲ್ಲ ಅಷ್ಟೆ. ಅದು ಸಣ್ಣ ಕೊರತೆಯಲ್ಲ ಎಂದು ಈಗಲೂ ಹೇಳುತ್ತೇನೆ.

ಕೊನೆಯದು. "ತುಂಬಲಾರದ ನಷ್ಟ" ಏಳು ಸಲ ಬಂತು ಎಂದೆನಲ್ಲ, ಏಳನೆಯದು ನನ್ನದು. ವಿದೇಶದಿಂದ ಬಂದವರು ಎರಡು ಮಾತಾಡಬೇಕು ಎಂದು ಶೆಡ್ಡಿನಿಂದ ಹಿಡಿದು ತಂದು ನಿಲ್ಲಿಸಿದರು. ಡಾರ್ಕ್‌ರೂಮು, ಲಕೋಟೆ, ಬಲ್ಬು ಎಲ್ಲ ಗಂಟಲಿನವರೆಗೆ ಬಂತು. ವೇದಿಕೆಯವರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಎಲ್ಲಿ ಹೋಯಿತೋ. "ಮಾನ್ಯರು ಸರಳ ಸಜ್ಜನರು" ಎಂದೆ, ನಷ್ಟದ ಮಾತು ಹೇಳಿ ಇಳಿದೆ. ಚಪ್ಪಾಳೆ ತಟ್ಟಿದರು.

ಹೋದ ಭಾನುವಾರ ಅಕ್ಕ ಫೋನ್ ಮಾಡಿದ್ದಳು. ಹಳೆಯ ಎಕ್ಸ್‌ರೇ ಫಿಲ್ಮು ಕೊಳ್ಳುವ ಗುಜರಿಯವನೊಬ್ಬ ಬಂದಿದ್ದಾನೆ, ಬೀರು ತೋರಿಸಿದರೆ ಕಿಲೋ ಲೆಕ್ಕದಲ್ಲಿ ಒಯ್ಯುತ್ತಾನಂತೆ. ಕಲರ್ ನೆಗೆಟಿವ್ ಅವನಿಗೆ ಬೇಡ, ಕಪ್ಪುಬಿಳುಪು ಮಾತ್ರ. ಯಾಕೆಂದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು: ಕಲರ್ ಫಿಲ್ಮಿನಲ್ಲಿ ತೊಳೆಯುವಾಗಲೇ ಬೆಳ್ಳಿ ಹೋಗಿಬಿಡುತ್ತದೆ, ಕಪ್ಪುಬಿಳುಪಿನಲ್ಲಿ ಆ ಮುಖವೇ ಬೆಳ್ಳಿ. ಫಿಲ್ಮು ಬೇಯಿಸಿ ಬೆಳ್ಳಿ ತೆಗೆಯುತ್ತಾರೆ. ಬೇಡ ಎನ್ನಲು ನನಗೇನು ಹಕ್ಕು? ಸಾಲ ಅವಳ ಮದುವೆಗೆ ಆಗಿತ್ತು, ಫೀಸು ನನಗೆ ಹೋಗಿತ್ತು.

ಏನೋ ಹೇಳಬೇಕಲ್ಲ ಎಂದು, ಫ್ಲೆಕ್ಸಿಗೆ ಮಾಮನದೊಂದು ನೆಟ್ಟಗಿನ ಫೋಟೋ ನಿನಗೂ ಸಿಗಲಿಲ್ಲವಾ ಎಂದು ಕೇಳಿದೆ. ಹುಡುಕಿದ್ದಳಂತೆ. ರಿಜಿಸ್ಟರಿನಲ್ಲಿ ಅವರ ಹೆಸರಿಗೆ ಇರುವುದು ಒಂದೇ ನಂಬರ್, 1988ರ ಮೇ ತಿಂಗಳದ್ದು. ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದ್ದಾಳೆ. ಹಿಂದಿನ ಜಲಪಾತ ಕೂದಲೆಳೆಯಷ್ಟು ಸ್ಪಷ್ಟ, ಮುಂದೆ ಕೂತ ಮಾಮ ಹೊಗೆಯ ಹಾಗೆ. ನನಗೆ ಕಿವಿ ಬಿಸಿಯಾಯಿತು. ಆ ದಿನ ಅವರು ಸ್ಟೂಲಿನ ಮೇಲೆ ಕೂತು ಯಾಶಿಕಾ ನನ್ನ ಕೈಗೆ ಕೊಟ್ಟದ್ದು, ಫೋಕಸ್ ತಿರುಗಿಸಲು ನಾನು ಮರೆತದ್ದು, ಬೈಗುಳಕ್ಕೆ ಕಾದು ನಿಂತದ್ದು ಎಲ್ಲ ಬಂತು.

"ಪಕ್ಕದಲ್ಲಿ ಏನೋ ಬರೆದಿದ್ದಾರೆ, ತಡಿ" ಎಂದು ಅಕ್ಕ ಕನ್ನಡಕ ಹುಡುಕಿದಳು. "ಹುಡುಗ ತೆಗೆದದ್ದು. ಮುಖ ಮಸುಕು. ಇಡುವುದು."

ಮಳೆಯ ಸದ್ದು ಫೋನಿನಲ್ಲೂ ಕೇಳುತ್ತಿತ್ತು.

"ಸರಿ, ಹುತ್ತರಿವರೆಗೆ ಇಟ್ಟಿರ್ತೇನೆ" ಎಂದಳು ಅಕ್ಕ. "ಆಮೇಲೆ ನೀನೇ ಬಂದು ಎಲ್ಲಿಗಾದ್ರೂ ತಕೊಂಡು ಹೋಗು ಮಾರಾಯ. ಎರಡು ಬಲ್ಬು ಹಗಲೂ ರಾತ್ರಿ ಉರೀತಾ ಉಂಟು, ಬಿಲ್ಲು ಕಟ್ಟುವವಳು ನಾನು."